ಮಾರಿಯಸನ ಎರಡನೆಯ ಕಾಲು

ರೋಮಿನ ಸೇನಾನಿ ಗಾಯಸ್ ಮಾರಿಯಸ್ ಏಳು ಬಾರಿ ಕಾನ್ಸಲ್ ಆಗಿದ್ದವನು. ಅವನ ಎರಡೂ ಕಾಲುಗಳಲ್ಲಿ ರಕ್ತನಾಳಗಳು ಉಬ್ಬಿ ಗಂಟುಕಟ್ಟಿದ್ದವು. ಶಸ್ತ್ರಚಿಕಿತ್ಸೆಯ ವೇಳೆ ತನ್ನನ್ನು ಕಟ್ಟಿಹಾಕಲು ಅವನು ಬಿಡಲಿಲ್ಲ. ನರಳದೆ ಒಂದು ಕಾಲನ್ನು ಕೊಯ್ಯಿಸಿಕೊಂಡನು. ವೈದ್ಯನು ಇನ್ನೊಂದು ಕಾಲಿನತ್ತ ಹೊರಳಿದಾಗ ಮಾತ್ರ ತಡೆದನು. ಈ ಗುಣಕ್ಕೆ ಇಷ್ಟು ನೋವಿನ ಬೆಲೆ ತಕ್ಕುದಲ್ಲ ಎಂಬುದು ಅವನ ತೀರ್ಮಾನವಾಗಿತ್ತೆಂದು ಪ್ಲೂಟಾರ್ಕ್ ದಾಖಲಿಸಿದ್ದಾನೆ. ವೆರಿಕೋಸ್ ವೇನ್ಸ್ ಚಿಕಿತ್ಸೆಯ ಚರಿತ್ರೆಯನ್ನು ಆ ಎರಡನೆಯ ಕಾಲಿನ ಚರಿತ್ರೆಯೆಂದೇ ನಾವು ಓದಬಹುದು. ಬಹುಮಟ್ಟಿಗೆ ಇದು ಪ್ರಾಣ ತೆಗೆಯುವ ರೋಗವಲ್ಲ. ಆದ್ದರಿಂದಲೇ ಮದ್ದಿನ ನೋವು ರೋಗದ ನೋವಿಗಿಂತ ಕಡಿಮೆಯೇ ಎಂಬ ಪ್ರಶ್ನೆ ಇಲ್ಲಿ ಸದಾ ಜೀವಂತವಾಗಿದೆ.

ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್, ಕಾಲಿನ ಮೇಲಿನ ಹಾವಿನಂಥ ಉಬ್ಬುಗಳಿಗೆ ಕತ್ತಿ ಹಾಕಬಾರದೆಂದು ಎಚ್ಚರಿಸುತ್ತದೆ. ಸುಶ್ರುತ ಸಂಹಿತೆಯು ಸಿರಾಜ ಗ್ರಂಥಿಯನ್ನು ವಿವರಿಸುವಾಗ, ದುರ್ಬಲನಾದವನು ಮಿತಿಮೀರಿ ದೇಹ ದಂಡಿಸುವುದನ್ನು ಕಾರಣವಾಗಿ ಹೇಳುತ್ತದೆ. ಈ ವ್ಯಾಧಿಯನ್ನು ದುಡಿಮೆಯ ದೇಹದೊಡನೆ ಜೋಡಿಸಿ ನೋಡಿದ ಆ ದೃಷ್ಟಿ ನಮಗೆ ಮುಖ್ಯವೆನಿಸುತ್ತದೆ. ರೋಮಿನ ಸೆಲ್ಸಸ್ ಎರಡು ದಾರಿಗಳನ್ನು ಸೂಚಿಸಿದ್ದನು: ಸುಡುವುದು, ಇಲ್ಲವೆ ಕೊಯ್ದು ತೆಗೆಯುವುದು.

ಉಬ್ಬುವುದೇಕೆ ಎಂಬುದು ತಿಳಿಯಲು ಬಹುಕಾಲ ಬೇಕಾಯಿತು. 1603ರಲ್ಲಿ ಪಾದುವಾದ ಫ್ಯಾಬ್ರಿಷಿಯಸ್ ಅಭಿಧಮನಿಗಳೊಳಗಿನ ಕವಾಟಗಳನ್ನು ಚಿತ್ರಸಹಿತ ವಿವರಿಸಿದನು. ಅವು ರಕ್ತವನ್ನು ಹೃದಯದ ಕಡೆಗಷ್ಟೇ ಬಿಡುತ್ತವೆಂದು ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದನು. ಈ ಕವಾಟಗಳು ಸೋತರೆ ಮೇಲೇರಬೇಕಾದ ರಕ್ತ ಕೆಳಗಿಳಿದು ನಿಲ್ಲುತ್ತದೆ. ಕಾಲು ಭಾರವಾಗುತ್ತದೆ, ಊದಿಕೊಳ್ಳುತ್ತದೆ. ಕೆಲವರಿಗೆ ಹರಡಿನ ಬಳಿ ಮಾಯದ ಹುಣ್ಣಾಗುತ್ತದೆ. ವಂಶಗುಣ, ವಯಸ್ಸು, ಬಸಿರು ಇದಕ್ಕೆ ಕಾರಣಗಳು. ದಿನವಿಡೀ ನಿಂತು ದುಡಿಯುವುದು ತೊಂದರೆಯನ್ನು ಹೆಚ್ಚಿಸುತ್ತದೆ.

ಅರಿವಳಿಕೆ ಮತ್ತು ಲಿಸ್ಟರನ ನಂಜುನಿರೋಧಕ ವಿಧಾನ ಬಂದಮೇಲೆ ಶಸ್ತ್ರವೈದ್ಯರಿಗೆ ಧೈರ್ಯ ಬಂದಿತು. 1890ರ ದಶಕದ ಆರಂಭದಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ತೊಡೆಯ ಸಫೀನಸ್ ಅಭಿಧಮನಿಯನ್ನು ಕಟ್ಟುವ ವಿಧಾನವನ್ನು ಪ್ರಕಟಿಸಿದನು. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ನಾಳದೊಳಕ್ಕೆ ತಂತಿ ತೂರಿಸಿ, ನಾಳವನ್ನೇ ಎಳೆದು ಹೊರತೆಗೆಯುವ ಉಪಕರಣವನ್ನು ವರ್ಣಿಸಿದನು. ಮುಂದೆ ಬಹುಪಾಲು ಶತಮಾನ ಇದೇ ರೂಢಿಯ ಚಿಕಿತ್ಸೆಯಾಯಿತು. ಮೇಜಿನ ಮೇಲಿನ ನೋವನ್ನು ಅರಿವಳಿಕೆ ನೀಗಿಸಿತು; ಆದರೆ ಆಮೇಲಿನ ಕಂದುಗಟ್ಟುವಿಕೆ, ನೋವು, ಕೆಲಸ ತಪ್ಪಿದ ದಿನಗಳು ಉಳಿದವು. ಎರಡನೆಯ ಕಾಲು ಇನ್ನೂ ಹಿಂಜರಿಯುತ್ತಲೇ ಇತ್ತು.

1960ರಲ್ಲಿ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. 1999ರಲ್ಲಿ ಸ್ಪೇನಿನ ಕಾರ್ಲೋಸ್ ಬೋನೆ ನಾಳದ ಒಳಗಿನಿಂದಲೇ ಲೇಸರ್ ಹಾಯಿಸಿದುದನ್ನು ವರದಿ ಮಾಡಿದರು. 2001ರಲ್ಲಿ ನವಾರೊ ಮತ್ತು ಮಿನ್ ಅವರೊಡನೆ ಪ್ರಕಟಿಸಿದ ಲೇಖನದಿಂದ ವಿಧಾನ ಹೆಸರಾಯಿತು. ಅಲ್ಟ್ರಾಸೌಂಡಿನಲ್ಲಿ ನೋಡುತ್ತ, ಸೂಜಿಯಷ್ಟು ರಂಧ್ರದಿಂದ ತೆಳ್ಳನೆಯ ಫೈಬರನ್ನು ಒಳಗೆ ಸಾಗಿಸುತ್ತಾರೆ. ನಾಳದ ಸುತ್ತ ಸ್ಥಳೀಯ ಅರಿವಳಿಕೆಯ ದ್ರವ ತುಂಬುತ್ತಾರೆ. ಅದು ನೋವನ್ನೂ ತಡೆಯುತ್ತದೆ, ಸುತ್ತಲಿನ ಅಂಗಾಂಶವನ್ನು ಶಾಖದಿಂದಲೂ ಕಾಯುತ್ತದೆ. ಫೈಬರನ್ನು ಹಿಂದೆಳೆಯುತ್ತ ಬಂದಂತೆ ನಾಳ ಒಳಗೇ ಮುಚ್ಚಿಕೊಳ್ಳುತ್ತದೆ. ರಕ್ತ ಆಳದ ನಾಳಗಳ ದಾರಿ ಹಿಡಿಯುತ್ತದೆ. ಸೆಲ್ಸಸನ ಬೆಂಕಿಯೇ ಇದು, ಆದರೆ ಪಳಗಿದ ಬೆಂಕಿ. ರೋಗಿ ಅಂದೇ ನಡೆದು ಮನೆಗೆ ಹೋಗುತ್ತಾನೆ. ಹೆಪ್ಪುಗಟ್ಟುವಿಕೆ, ನರಕ್ಕೆ ಪೆಟ್ಟು, ರೋಗ ಮರುಕಳಿಸುವುದು ಇಲ್ಲಿಯೂ ಉಂಟು. ಎಲ್ಲ ನಾಳಗಳಿಗೂ ಇದು ಒಗ್ಗುವುದಿಲ್ಲ. ಆದರೂ 2013ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಒಗ್ಗುವವರಿಗೆ ಶಸ್ತ್ರಕ್ರಿಯೆಗಿಂತ ಮೊದಲು ಇಂಥ ಶಾಖಚಿಕಿತ್ಸೆಯನ್ನೇ ಸೂಚಿಸಿತು.

ಮಾರಿಯಸನ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು. ಆದರೆ ಸುಶ್ರುತ ಸಂಹಿತೆ ಸೂಚಿಸಿದ ದುಡಿಮೆಯ ಪ್ರಶ್ನೆ ಉಳಿದಿದೆ. ಮುಂಬಯಿಯ ಕನ್ನಡಿಗರಾದ ನಮಗೆ ಅದು ದೂರದ್ದಲ್ಲ. ಊರಿನಿಂದ ಬಂದ ಹುಡುಗರು ಉಡುಪಿ ಹೋಟೆಲುಗಳ ಒಲೆ, ಮೇಜುಗಳ ನಡುವೆ ನಿಂತೇ ಪ್ರಾಯ ಕಳೆದುದನ್ನು ಬಲ್ಲೆವು. ಜವಳಿ ಅಂಗಡಿಗಳ ಮಹಿಳೆಯರು ಹೋರಾಡಿದ ಮೇಲೆ 2018ರಲ್ಲಿ ಕೇರಳವೂ, 2021ರಲ್ಲಿ ತಮಿಳುನಾಡೂ ಕೆಲಸದ ವೇಳೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿಗೆ ಸೇರಿಸಿದವು. ಕೂರಲು ಒಂದು ಸ್ಟೂಲು: ಲೇಸರಿಗಿಂತ ಎಷ್ಟೋ ಹಳೆಯ, ಎಷ್ಟೋ ಅಗ್ಗದ ಸಾಧನ. ಅದು ದುಡಿಯುವವರ ಬಳಿ ತಲುಪಲು ಲೇಸರಿಗಿಂತಲೂ ತಡವಾಯಿತೆಂಬುದನ್ನು ಈ ಚರಿತ್ರೆ ಬರೆಯುವವರು ಬಿಡಲಾಗದು.