ವಾಣಿಜ್ಯದ ಎಂ.ಫಿಲ್.: ಒಂದು ಪದವಿಯ ಏಳುಬೀಳು

ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ವಿಷಯಗಳಲ್ಲಿ ಸಂಶೋಧನೆಗೇ ಮೀಸಲಾದ ಎಂ.ಫಿಲ್. ಪದವಿ ಭಾರತದ ವಿಶ್ವವಿದ್ಯಾಲಯಗಳಲ್ಲಿ ಸುಮಾರು ಅರ್ಧ ಶತಮಾನ ಬಾಳಿತು. ಎಂ.ಕಾಂ. ಅಥವಾ ಎಂ.ಬಿ.ಎ. ಮುಗಿಸಿದವರು ಪಿಎಚ್.ಡಿ.ಗೆ ಸೇರುವ ಮುನ್ನ ಸಂಶೋಧನೆಯ ರೀತಿನೀತಿ ಕಲಿಯಲಿ ಎಂಬುದು ಅದರ ಉದ್ದೇಶವಾಗಿತ್ತು. ಆದರೆ ಅದರ ಏಳುಬೀಳನ್ನು ಹೆಚ್ಚಾಗಿ ನಿರ್ಧರಿಸಿದ್ದು ಅಧ್ಯಾಪಕರ ನೇಮಕಾತಿ ನಿಯಮಗಳು.

ವ್ಯಾಪಾರ ಶಿಕ್ಷಣ ಈ ದೇಶದಲ್ಲಿ ಮೊದಲು ಬೇರೂರಿದ್ದು ಉದ್ಯೋಗದ ತರಬೇತಿಯಾಗಿ. 1913ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸಿಡೆನ್‌ಹ್ಯಾಮ್ ಕಾಲೇಜಿನಂಥ ಸಂಸ್ಥೆಗಳು ಲೆಕ್ಕಪತ್ರ, ಬ್ಯಾಂಕಿಂಗ್, ವಾಣಿಜ್ಯ ಕಾನೂನು ಬಲ್ಲವರನ್ನು ತಯಾರು ಮಾಡಿದವು. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು (ಐಐಎಂ) ಸ್ಥಾಪನೆಯಾದಾಗಲೂ ಕಾರ್ಖಾನೆ, ಕಂಪನಿಗಳಿಗೆ ಬೇಕಾದ ಮ್ಯಾನೇಜರುಗಳೇ ಮುಖ್ಯ ಗುರಿ. ಸೊಸೈಟಿಗಳಾಗಿ ನೋಂದಣಿಯಾಗಿದ್ದ ಐಐಎಂಗಳಿಗೆ ಪದವಿ ನೀಡುವ ಅಧಿಕಾರ ಇರಲಿಲ್ಲ. ಹೀಗಾಗಿ ಎರಡು ವರ್ಷ ಓದಿದವರಿಗೆ ಡಿಪ್ಲೊಮಾ, ಸಂಶೋಧನೆ ಮುಗಿಸಿದವರಿಗೆ ‘ಫೆಲೋ’ ಎಂಬ ಬಿರುದು ಸಿಗುತ್ತಿತ್ತು. ಐಐಎಂ ಕಾಯ್ದೆ 2018ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಈ ಸ್ಥಿತಿ ಬದಲಾಯಿತು.

ವಿಶ್ವವಿದ್ಯಾಲಯಗಳ ದಾರಿ ಬೇರೆ. ಅಲ್ಲಿ ಎಂ.ಕಾಂ. ಬಹುಮಟ್ಟಿಗೆ ಲಿಖಿತ ಪರೀಕ್ಷೆಗಳ ಪದವಿಯಾಗಿತ್ತು, ಪಿಎಚ್.ಡಿ.ಗೆ ಹಲವು ವರ್ಷ ಹಿಡಿಯುತ್ತಿತ್ತು. ಈ ಎರಡರ ನಡುವಿನ ಅಂತರ ತುಂಬಲು 1970ರ ದಶಕದಲ್ಲಿ ಎಂ.ಫಿಲ್. ಹರಡಿತು. ಒಂದರಿಂದ ಎರಡು ವರ್ಷದ ಈ ವ್ಯಾಸಂಗದಲ್ಲಿ ಮೊದಲು ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ ಮತ್ತು ಆಯ್ದ ವಿಷಯದ ಪತ್ರಿಕೆಗಳು, ಆಮೇಲೆ ಮಾರ್ಗದರ್ಶಕರ ಕೈಕೆಳಗೆ ಒಂದು ಕಿರು ಪ್ರಬಂಧ, ಕೊನೆಗೆ ಮೌಖಿಕ ಪರೀಕ್ಷೆ. ಸಹಕಾರಿ ಬ್ಯಾಂಕುಗಳ ಸಾಲ ವಸೂಲಿ, ಸಣ್ಣ ಕೈಗಾರಿಕೆಗಳ ಹಣಕಾಸು, ಸ್ವಸಹಾಯ ಸಂಘಗಳು, ಗ್ರಾಹಕರ ಒಲವು ಮೊದಲಾದವು ಪ್ರಬಂಧಗಳಿಗೆ ಒದಗುತ್ತಿದ್ದ ವಸ್ತುಗಳು. ಒಂದು ಜಿಲ್ಲೆ ಅಥವಾ ಒಂದು ಸಂಸ್ಥೆಯನ್ನು ಆರಿಸಿ, ಪ್ರಶ್ನಾವಳಿ ಹಂಚಿ, ಲೆಕ್ಕಪತ್ರಗಳನ್ನು ತುಲನೆ ಮಾಡುವ ಕ್ರಮ ರೂಢಿಗೆ ಬಂತು. ಅವಧಿ ಚಿಕ್ಕದಾದ್ದರಿಂದ ವ್ಯಾಪ್ತಿಯೂ ಚಿಕ್ಕದು.

ಪದವಿಯ ಬೇಡಿಕೆಯನ್ನು ಏರಿಳಿಸಿದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮಗಳು. ಉಪನ್ಯಾಸಕರ ಅರ್ಹತೆಗಾಗಿ 1989ರಲ್ಲಿ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಆರಂಭವಾಯಿತು. 1993ರ ಡಿಸೆಂಬರ್ 31ರೊಳಗೆ ಎಂ.ಫಿಲ್. ಪಡೆದವರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು. ಅನಂತರದವರಿಗೆ ಆ ಅನುಕೂಲ ತಪ್ಪಿತು. 2006ರಲ್ಲಿ ನಿಯಮ ಮತ್ತೆ ತಿರುಗಿ, ಎಂ.ಫಿಲ್. ಇದ್ದವರು ನೆಟ್ ಇಲ್ಲದೆಯೂ ಪದವಿ ತರಗತಿಗಳಿಗೆ ಪಾಠ ಹೇಳಬಹುದೆಂದಾಯಿತು. ದೂರಶಿಕ್ಷಣದ ಮೂಲಕವೂ ಈ ಪದವಿ ದೊರೆಯುತ್ತಿದ್ದ ಕಾಲವದು. ಪ್ರಯೋಗಾಲಯದ ಹಂಗಿಲ್ಲದ ವಾಣಿಜ್ಯದಂಥ ವಿಷಯಕ್ಕೆ ಆ ಕ್ರಮ ಸುಲಭವಾಗಿ ಒಗ್ಗುತ್ತಿತ್ತು. ಗುಣಮಟ್ಟದ ಬಗ್ಗೆ ಪ್ರಶ್ನೆಗಳೆದ್ದವು. 2009ರ ನಿಯಮಾವಳಿ ದೂರಶಿಕ್ಷಣದ ಎಂ.ಫಿಲ್. ಅನ್ನು ನಿಷೇಧಿಸಿತು, ನೆಟ್ ವಿನಾಯಿತಿಯನ್ನು ನಿಗದಿತ ಕ್ರಮದಲ್ಲಿ ಪಡೆದ ಪಿಎಚ್.ಡಿ.ಗಷ್ಟೇ ಉಳಿಸಿತು.

2016ರ ನಿಯಮಗಳು ಬಿಗಿಯನ್ನು ಹೆಚ್ಚಿಸಿದವು. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಮೂವರು, ಸಹ ಪ್ರಾಧ್ಯಾಪಕರು ಇಬ್ಬರು, ಸಹಾಯಕ ಪ್ರಾಧ್ಯಾಪಕರು ಒಬ್ಬ ಎಂ.ಫಿಲ್. ವಿದ್ಯಾರ್ಥಿಗೆ ಮಾತ್ರ ಮಾರ್ಗದರ್ಶನ ಮಾಡಬಹುದಿತ್ತು. ಪ್ರಬಂಧ ಸಲ್ಲಿಸುವ ಮುನ್ನ ಕನಿಷ್ಠ ಒಂದು ಲೇಖನವನ್ನು ವಿಚಾರಸಂಕಿರಣದಲ್ಲಿ ಮಂಡಿಸಬೇಕಿತ್ತು. ಶ್ರಮ ಹೆಚ್ಚಿತು, ನೌಕರಿಯಲ್ಲಿ ಪದವಿಯ ಬೆಲೆ ಮಾತ್ರ ಹೆಚ್ಚಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಅನ್ನು ನಿಲ್ಲಿಸಲು ಹೇಳಿತು. 2022ರ ನವೆಂಬರಿನಲ್ಲಿ ಯುಜಿಸಿ ಅದನ್ನು ಅಧಿಕೃತವಾಗಿ ಕೊನೆಗೊಳಿಸಿತು. ಅದಕ್ಕೆ ಮೊದಲು ಆರಂಭವಾದ ವ್ಯಾಸಂಗಗಳಿಗೆ ಬಾಧೆ ಇರಲಿಲ್ಲ. ಆದರೂ ಕೆಲವು ವಿಶ್ವವಿದ್ಯಾಲಯಗಳು ಅರ್ಜಿ ಕರೆಯುತ್ತಿದ್ದುದರಿಂದ, ಇದು ಮಾನ್ಯತೆಯಿಲ್ಲದ ಪದವಿ ಎಂದು 2023ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಎಚ್ಚರಿಸಬೇಕಾಯಿತು. ಸಂಶೋಧನೆಯ ತರಬೇತಿಗೆ ಈಗ ಸ್ನಾತಕೋತ್ತರ ಪದವಿಯೊಳಗೇ ಅವಕಾಶವಿದೆ. 2024ರ ಯುಜಿಸಿ ಚೌಕಟ್ಟಿನಂತೆ ಎರಡು ವರ್ಷದ ಎಂ.ಕಾಂ.ನಂಥ ಪದವಿಯ ಎರಡನೆಯ ವರ್ಷವನ್ನು ಪೂರ್ತಿ ಸಂಶೋಧನೆಗೇ ಕೊಡಬಹುದು. ನಾಲ್ಕು ವರ್ಷದ ಪದವಿಯಲ್ಲೇ ಸಂಶೋಧನೆ ಮಾಡಿ ಅರ್ಹ ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು.