ಎಸ್‌ಎಸ್‌ಡಿ ನಾಶ
ಎಸ್‌ಎಸ್‌ಡಿ ಎಂಬ ಚಿಪ್ ಆಧಾರಿತ ಸಂಗ್ರಹ ಡ್ರೈವ್‌ನಲ್ಲಿನ ಮಾಹಿತಿ ಮತ್ತೆ ಯಾರ ಕೈಗೂ ಸಿಗದಂತೆ ಅದರ ಚಿಪ್‌ಗಳನ್ನೇ ಪುಡಿಮಾಡುವ ಕ್ರಮ. ಹಾರ್ಡ್‌ಡಿಸ್ಕ್ ಅಳಿಸುವ ಪ್ರಬಲ ಅಯಸ್ಕಾಂತ ಇಲ್ಲಿ ನಿಷ್ಪ್ರಯೋಜಕ. ಏಕೆಂದರೆ ಎಸ್‌ಎಸ್‌ಡಿಯ ಫ್ಲ್ಯಾಶ್ ಚಿಪ್ ಮಾಹಿತಿಯನ್ನು ಹಿಡಿದಿಡುವುದು ವಿದ್ಯುದಾವೇಶವಾಗಿ. ಒಂದು ತೂತು ಕೊರೆದರೂ ಸಾಲದು: ಮಾಹಿತಿ ಹಲವು ಚಿಪ್‌ಗಳಲ್ಲಿ ಹಂಚಿಹೋಗಿರುತ್ತದೆ, ಉಳಿದದ್ದನ್ನು ಬಿಡಿಸಿ ಓದಬಹುದು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ (ಎನ್‌ಎಸ್‌ಎ) 2 ಮಿ.ಮೀ. ಮೀರದ ಚೂರು ಕೇಳುವುದು ಇದಕ್ಕೇ.

ತಂತ್ರಾಂಶದಿಂದ ಅಳಿಸಿದರೆ ಸಾಲದೇ ಎಂಬ ಆಕ್ಷೇಪ ಪೊಳ್ಳಲ್ಲ. ಗೂಢಲಿಪಿಯ ಕೀಲಿಯನ್ನು ಸರಿಯಾಗಿ ಅಳಿಸಿದರೆ ಮಾಹಿತಿಯನ್ನು ಓದಲಾಗದು, ಡ್ರೈವ್ ಮರುಬಳಕೆಗೂ ಒದಗುತ್ತದೆ. ಆದರೆ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಳಿಸಿದ್ದಾಯಿತೆಂದು ವರದಿ ಕೊಟ್ಟ ಒಂದು ಡ್ರೈವ್‌ನಲ್ಲಿ ಮಾಹಿತಿ ಹಾಗೇ ಇತ್ತು. ಕೆಟ್ಟುನಿಂತ ಡ್ರೈವಂತೂ ಆದೇಶವನ್ನೇ ಕೇಳದು. ಅಂಥದ್ದಕ್ಕೆ ಪುಡಿಯೇ ಗತಿ. ಸುಟ್ಟರೆ ವಿಷದ ಹೊಗೆ. ಭಾರತದ 2022ರ ಇ-ತ್ಯಾಜ್ಯ ನಿಯಮಗಳಂತೆ ಚೂರುಗಳು ನೋಂದಾಯಿತ ಮರುಬಳಕೆ ಘಟಕವನ್ನೇ ಸೇರಬೇಕು.