ಪಿಕ್ನಿಕ್ ಕಾಡಿನಲ್ಲಿ ಹೂತಿಟ್ಟದ್ದು

ಷಿಕಾಗೋದಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ನನ್ನ ಬೆಳಗಿನ ವಾಕಿಂಗ್ ಕುಕ್ ಕೌಂಟಿಯ ಕಾಡಿನಲ್ಲಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಆ ಒಂದು ಜಿಲ್ಲೆ ಸುಮಾರು 70,000 ಎಕರೆ ಕಾಡು, ಹುಲ್ಲುಗಾವಲು, ಜೌಗುನೆಲವನ್ನು ಜನರಿಗಾಗಿ ಕಾಪಾಡಿಕೊಂಡಿದೆ. ಒಟ್ಟು ಲೆಕ್ಕದಲ್ಲಿ ನಮ್ಮ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕಿಂತ ತುಸು ದೊಡ್ಡದೇ. ಆದರೆ ಒಂದೇ ಕಡೆ ಇಲ್ಲ. ಹೊಳೆದಂಡೆಗಳಲ್ಲಿ, ಬಡಾವಣೆಗಳ ನಡುವೆ ತುಂಡುತುಂಡಾಗಿ ಹರಡಿದೆ.

ಇದು ರಾಜರು ಬೇಟೆಗೆಂದು ಉಳಿಸಿದ ಕಾಡಲ್ಲ, ತೆರಿಗೆಯ ದುಡ್ಡಿನಲ್ಲಿ ಕೊಂಡದ್ದು. ವಾಸ್ತುಶಿಲ್ಪಿ ಡ್ವೈಟ್ ಪರ್ಕಿನ್ಸ್, ಡೆನ್ಮಾರ್ಕಿನಿಂದ ವಲಸೆ ಬಂದ ಉದ್ಯಾನ ವಿನ್ಯಾಸಕಾರ ಯೆನ್ಸ್ ಯೆನ್ಸನ್ ಮುಂತಾದವರು ನಗರ ಎಲ್ಲವನ್ನೂ ನುಂಗುವ ಮೊದಲೇ ಕಾಡನ್ನು ಕೊಳ್ಳಬೇಕೆಂದು 1904ರ ವರದಿಯಲ್ಲೇ ಹೇಳಿದ್ದರು. ಶನಿವಾರ ಮಧ್ಯಾಹ್ನ ಪೇಟೆಯ ಜನರನ್ನು ಕರೆದುಕೊಂಡು ಕಾಡು ಸುತ್ತಿಸಿದರು. ಮೊದಲು ಮಾಡಿದ ಕಾಯಿದೆ ಕೋರ್ಟಿನಲ್ಲಿ ಬಿದ್ದುಹೋಯಿತು. 1913ರದು ನಿಂತಿತು, ಮರುವರ್ಷ ಮತದಾರರು ಒಪ್ಪಿದರು, 1916ರಲ್ಲಿ ಮೊದಲ ಖರೀದಿ ಆಯಿತು. ಕಾಡನ್ನು ಆದಷ್ಟೂ ಸಹಜವಾಗಿಯೇ ಇಟ್ಟು ಜನರ ಕಲಿಕೆಗೂ ಸಂತೋಷಕ್ಕೂ ಬಿಡಬೇಕು ಎಂಬುದು ಕಾಯಿದೆಯ ಆಶಯ. (ಕೊಂಡರು ಎನ್ನುವಾಗ ಒಂದು ಮಾತು: 1833ರ ಒಪ್ಪಂದದ ನಂತರ ಪೊಟವಾಟಮಿ ಜನರನ್ನು ಈ ಸೀಮೆಯಿಂದ ಪಶ್ಚಿಮಕ್ಕೆ ಸಾಗಹಾಕಲಾಗಿತ್ತು. ಆ ‘ಜನ’ದಲ್ಲಿ ಅವರು ಸೇರಿರಲಿಲ್ಲ.)

ಕಳೆದ ಬೇಸಿಗೆಯಲ್ಲಿ ಗೆಳೆಯರ ಬಳಗದ ಪಿಕ್ನಿಕ್ ಇದ್ದದ್ದು ರೆಡ್ ಗೇಟ್ ವುಡ್ಸ್ ಎಂಬ ತುಂಡಿನಲ್ಲಿ. ಪುಳಿಯೋಗರೆ ಮುಗಿಸಿ ಮರದ ಕೆಳಗೆ ಒರಗಿದ್ದೆ. ಅಳಿಯ ಬಂದು, "ಮಾವ, ಬನ್ನಿ, ಒಂದು ಕಲ್ಲು ತೋರಿಸ್ತೀನಿ" ಎಂದ. ಶಾಸನದ ಕಲ್ಲೆಂದರೆ ನಾನು ಊಟ ಬಿಟ್ಟು ಏಳುವವನು, ಎದ್ದೆ.

ಕಲ್ಲೇನೋ ಹೊಸದೇ. ಲೋಕದ ಮೊದಲ ಪರಮಾಣು ರಿಯಾಕ್ಟರನ್ನು ಮತ್ತೆ ಕಟ್ಟಿದ ಜಾಗ ಇದು ಎಂದು ಅದು ಹೇಳುತ್ತಿತ್ತು.

1942ರ ಡಿಸೆಂಬರ್ 2ರಂದು ಎನ್ರಿಕೋ ಫರ್ಮಿಯ ತಂಡ ಷಿಕಾಗೋ ವಿಶ್ವವಿದ್ಯಾಲಯದ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ, ಗ್ರಾಫೈಟ್ ಇಟ್ಟಿಗೆ ಮತ್ತು ಯುರೇನಿಯಂ ಪೇರಿಸಿ ಸರಪಳಿ ಕ್ರಿಯೆ ನಡೆಸಿದ್ದು ಎಲ್ಲರಿಗೂ ಗೊತ್ತು. ಅದನ್ನು ಮೊದಲು ಕಟ್ಟಬೇಕೆಂದಿದ್ದದ್ದು ಈ ಕಾಡಿನಲ್ಲೇ. ಕಾರ್ಮಿಕರ ತಕರಾರಿನಿಂದ ಇಲ್ಲಿನ ಕಟ್ಟಡ ತಡವಾಯಿತು, ಊರೊಳಗೇ ಕಟ್ಟಿದರು. ಮರುವರ್ಷ ಬಿಚ್ಚಿ ಇಲ್ಲಿಗೆ ತಂದು ಮತ್ತೆ ಪೇರಿಸಿದರು. 1944ರಲ್ಲಿ ಪಕ್ಕದಲ್ಲೇ ಭಾರಜಲದ ಮೊದಲ ರಿಯಾಕ್ಟರ್ ಶುರುವಾಯಿತು. ಎರಡನ್ನೂ 1954ರಲ್ಲಿ ನಿಲ್ಲಿಸಿ, ಆಮೇಲೆ ಇಲ್ಲೇ ಗುಂಡಿ ತೋಡಿ ಹೂತರು.

ಈ ಕಾಡನ್ನೇ ಯಾಕೆ ಆರಿಸಿದರು? ಊರಿಗೆ ಹತ್ತಿರ, ಒಳಗೆ ಮನೆಗಳಿಲ್ಲ, ಸಾವಿರ ಎಕರೆ ಬೇಕೆಂದರೆ ಒಬ್ಬನೇ ಮಾಲೀಕನ ಬಳಿ ಗುತ್ತಿಗೆ ಕೇಳಿದರೆ ಸಾಕು. ಪರ್ಕಿನ್ಸ್, ಯೆನ್ಸನ್ ಹೋರಾಡಿ ಮನೆ ಏಳದಂತೆ ಉಳಿಸಿದ ಕಾರಣಕ್ಕೇ ಸೈನ್ಯಕ್ಕೆ ಅದು ಒದಗಿಬಂತು. ಯುದ್ಧದ ತುರ್ತು ನನಗೆ ಅರ್ಥವಾಗುತ್ತದೆ. ಆದರೆ ಗುತ್ತಿಗೆಗೆ ಪಡೆದ ತೋಟದಲ್ಲಿ ಕಸ ಹೂತು ಹೋಗುವ ಗೇಣಿದಾರನನ್ನು ನಮ್ಮೂರಲ್ಲಿ ಯಾರೂ ಸುಮ್ಮನೆ ಬಿಡುತ್ತಿರಲಿಲ್ಲ.

ಸ್ವಲ್ಪ ದೂರದಲ್ಲಿ ಇನ್ನೊಂದು ಕಲ್ಲು. 1943ರಿಂದ 1949ರವರೆಗಿನ ವಿಕಿರಣ ತ್ಯಾಜ್ಯವನ್ನು ಹಾಕಿದ್ದು ಅಲ್ಲಿ. 1956ರಲ್ಲಿ ಮೇಲೆ ಕಾಂಕ್ರೀಟ್ ಮುಚ್ಚಿದರು. ಆದರೂ 1970ರ ದಶಕದಲ್ಲಿ ಪಿಕ್ನಿಕ್ ಜಾಗದ ಬಾವಿನೀರಿನಲ್ಲಿ ಟ್ರಿಟಿಯಂ ಕಾಣಿಸಿತು. ಟ್ರಿಟಿಯಂ ಎಂದರೆ ವಿಕಿರಣ ಸೂಸುವ ಜಲಜನಕ. ಅದು ನೀರಾಗಿಯೇ ನೀರಿನೊಂದಿಗೆ ಹರಿಯುತ್ತದೆ, ಸೋಸಿ ತೆಗೆಯಲಾಗದು. ಪ್ರಮಾಣ ಕಡಿಮೆಯೇ ಇತ್ತು. 1990ರ ದಶಕದಲ್ಲಿ ಮತ್ತೊಮ್ಮೆ ಶುಚಿಗೊಳಿಸಿದರು. ಇಲ್ಲಿ ಹುಟ್ಟಿ ಪಕ್ಕದ ಕೌಂಟಿಗೆ ಹೋದ ಪ್ರಯೋಗಾಲಯಕ್ಕೆ ಈ ಕಾಡಿನದೇ ಹೆಸರು: ಆರ್ಗಾನ್. ಕಾಡಿಗೆ ಆ ಹೆಸರು ಬಂದದ್ದು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಕಾದಾಡಿದ ಫ್ರಾನ್ಸಿನ ಅಡವಿಯಿಂದ.

ಇಲ್ಲಿ ಅಗೆಯಬೇಡಿ, ಬಂದವರಿಗೆ ಅಪಾಯವಿಲ್ಲ ಎಂದು ಆ ಕಲ್ಲಿನ ಮೇಲಿದೆ. ಸುತ್ತ ನೂರು ಅಡಿ ದೂರದಲ್ಲಿ ಆರು ಮೂಲೆಗಲ್ಲುಗಳಿವೆ ಎಂದೂ ಇದೆ. ನಾನೂ ಅಳಿಯನೂ ಹುಡುಕುತ್ತ ಸುತ್ತಿದೆವು. ನಾಲ್ಕು ಸಿಕ್ಕವು. ಉಳಿದವನ್ನು ಹುಲ್ಲು ಮುಚ್ಚಿತ್ತು. ಅಷ್ಟರಲ್ಲಿ ಮಗಳು ಮಜ್ಜಿಗೆಗೆ ಕರೆದಳು.